ಕೇಸೋನ್ ಬರೆದ ಜೂಜಕ

ಸುಗ್ಗಿ ಮುಗಿದು ಗದ್ದೆಗಳೆಲ್ಲ ಬರೀ ಕೂಳೆಯಾಗಿ ನಿಂತಿದ್ದ ಒಂದು ಬೆಳಗ್ಗೆ, ಕೇಸೋನ್ ಮಾರುತ್ತಿದ್ದ ಶಾವಿಗೆಯಲ್ಲಿ ನೀಲಿ ಬಣ್ಣದ ಎಳೆಯೊಂದು ಕಾಣಿಸಿತು. ಕಂಡವಳು ಮೇಷ್ಟರ ಹೆಂಡತಿ ನೋಯ್.

“ಇದೇನೇ ಕೇಸೋನ್, ಶಾವಿಗೆಗೆ ಶೀತ ಹಿಡಿದಿದೆಯಾ? ನೀಲಿಗಟ್ಟಿದೆ!”

ಸುತ್ತ ನಿಂತಿದ್ದ ಹೆಂಗಸರು ನಕ್ಕರು. ಕೇಸೋನ್ ಸರಕ್ಕನೆ ಎರಡೂ ಕೈಗಳನ್ನು ಬಾಳೆ ಎಲೆಯ ಕಟ್ಟಿನ ಕೆಳಗೆ ಸರಿಸಿದಳು. ಅಂಗೈಯ ಗೆರೆಗಳಲ್ಲಿ, ಉಗುರಿನ ಸಂದಿಯಲ್ಲಿ ನೀಲಿ ಕೂತಿತ್ತು. ಬೂದಿ ಹಾಕಿ ತಿಕ್ಕಿದ್ದಳು, ನಿಂಬೆ ಸಿಪ್ಪೆಯಲ್ಲಿ ಉಜ್ಜಿದ್ದಳು, ಹೋಗಿರಲಿಲ್ಲ. ಬೆಳಗಿನ ಜಾವ ಶಾವಿಗೆಯನ್ನು ತಣ್ಣೀರಿನಿಂದ ತೆಗೆದು ಸಿಂಬಿ ಸುತ್ತುವಾಗ ಅದರಲ್ಲೊಂದಿಷ್ಟು ಹೋಗಿ ಶಾವಿಗೆಗೆ ಅಂಟಿತ್ತು.

“ಶಂಖಪುಷ್ಪ ಅಕ್ಕಾ,” ಎಂದುಬಿಟ್ಟಳು. “ಶಂಖಪುಷ್ಪದ ನೀರು ಹಾಕಿ ನೋಡಿದೆ. ಪೇಟೇಲಿ ಹಾಗೆ ಮಾಡ್ತಾರಂತೆ.”

“ಹಾಕೋದಾದ್ರೆ ನೆಟ್ಟಗೆ ಹಾಕು. ಇದೇನು ಒಂದೆಳೆ ಅಲ್ಲಿ, ಒಂದೆಳೆ ಇಲ್ಲಿ. ನಾಳೆ ನನಗೆ ಪೂರ್ತಿ ನೀಲೀದೇ ಇಡು.”

ಒಂದು ಸುಳ್ಳಿನ ಫಲವಾಗಿ ಮಾರನೆಯ ದಿನದಿಂದ ಕೇಸೋನ್ ಬೇಲಿಯ ಮೇಲಿನ ಶಂಖಪುಷ್ಪ ಕಿತ್ತು, ಕುದಿಸಿ, ನೀಲಿ ಶಾವಿಗೆಯನ್ನೂ ಒತ್ತಬೇಕಾಗಿ ಬಂತು. ಐವತ್ತು ದಾಟಿದ ವಿಧವೆ, ನೋಂಗ್ ಸನೋ ಊರಿನ ಅರ್ಧಕ್ಕೆ ಬೆಳಗಿನ ಶಾವಿಗೆ ಉಣಿಸುವವಳು, ಯಾರ ಎದುರಿಗೂ ಸುಳ್ಳಾಡಿದವಳಲ್ಲ. ನಿಜ ಹೇಳಿದ್ದರೆ ಯಾರೂ ಬೈಯುತ್ತಿರಲಿಲ್ಲ. ಆದರೆ ಮಧ್ಯಾಹ್ನವೆಲ್ಲ ಬುದ್ಧನ ದೇವಸ್ಥಾನದ ಜಗಲಿಯಲ್ಲಿ ಕೂತು ಬಟ್ಟೆಯ ಮೇಲೆ ಬಣ್ಣ ಬಳಿಯುತ್ತೇನೆ ಎಂದು ಹೇಳುವುದಕ್ಕೆ ಅವಳಿಗೆ ಬಾಯಿ ಬರಲಿಲ್ಲ.

ಅದು ಶುರುವಾದದ್ದು ಗೆದ್ದಲಿನಿಂದ. ಪ್ರತಿ ವರ್ಷ ಬೇಸಗೆಯ ಹೊಸ್ತಿಲಲ್ಲಿ ಆ ಊರಿನವರು ವೆಸ್ಸಂತರನ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ದಿನ ಓದಿಸಿ ಕೇಳುತ್ತಾರೆ. ಬುದ್ಧ ಬುದ್ಧನಾಗುವುದಕ್ಕೆ ಮುಂಚಿನ ಜನ್ಮದಲ್ಲಿ ಕೇಳಿದವರಿಗೆಲ್ಲ ಕೇಳಿದ್ದನ್ನು ಕೊಟ್ಟ ರಾಜಕುಮಾರ ಅವನು. ಆನೆ ಕೊಟ್ಟ, ರಥ ಕೊಟ್ಟ, ಕೊನೆಗೆ ಕಾಡಿಗೆ ಹೋಗಿ ಕೂತಿದ್ದಾಗ ಜೂಜಕನೆಂಬ ಮುದಿ ಬ್ರಾಹ್ಮಣ ಬಂದು ಕೇಳಿದ ಅಂತ ತನ್ನ ಇಬ್ಬರು ಮಕ್ಕಳನ್ನೂ ಕೊಟ್ಟ. ಓದುವುದರ ಹಿಂದಿನ ದಿನ ಊರವರು ಕಾಡಿನಂಚಿಗೆ ಹೋಗಿ ರಾಜಕುಮಾರನನ್ನು ಮತ್ತೆ ಊರಿಗೆ ಕರೆಯುತ್ತಾರೆ. ಕಥೆಯನ್ನೆಲ್ಲ ಚಿತ್ರವಾಗಿ ಬರೆದ ಉದ್ದನೆಯ ಬಟ್ಟೆಯೊಂದನ್ನು ಸಾಲಾಗಿ ಹಿಡಿದು ದೇವಸ್ಥಾನಕ್ಕೆ ತಂದು ಒಳಗೆಲ್ಲ ಸುತ್ತ ಕಟ್ಟುತ್ತಾರೆ. ಪೆಟ್ಟಿಗೆಯಲ್ಲಿಟ್ಟಿದ್ದ ಆ ಬಟ್ಟೆಯನ್ನು ಆ ವರ್ಷ ಗೆದ್ದಲು ತಿಂದಿತ್ತು.

ಹೊಸದನ್ನು ಬರೆಯಲು ಇದ್ದವನು ಪೊಮ್ಮಾ ತಾತ ಒಬ್ಬನೇ. ಸುತ್ತಲ ಊರುಗಳಿಗೆಲ್ಲ ಅಂಥ ಬಟ್ಟೆ ಬರೆದುಕೊಟ್ಟ ಕೈ ಅದು. ಈಗ ನೀರಿನ ಲೋಟ ಹಿಡಿದರೂ ಅರ್ಧ ಚೆಲ್ಲುವಷ್ಟು ನಡುಗುತ್ತಿತ್ತು. ಆದರೂ ದೇವಸ್ಥಾನದ ದೊಡ್ಡ ಗುರುಗಳು ಕೇಳಿದಾಗ ಇಲ್ಲವೆನ್ನಲಾರದೆ ಒಪ್ಪಿಕೊಂಡಿದ್ದ. ಮಾರಿ ಉಳಿದ ಶಾವಿಗೆಯನ್ನು ಅವನಿಗೆ ಊಟಕ್ಕೆ ಕೊಡಲು ಕೇಸೋನ್ ಹೋದಾಗ, ಅವನು ಹುಣಸೆ ಬೀಜದ ಗಂಜಿ ಹಾಕಿ ಒಣಗಿಸಿದ ಬಟ್ಟೆಯ ಮುಂದೆ ಮಂಡಿಯೂರಿ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ಕೂತಿದ್ದ.

“ಬಾ ಇಲ್ಲಿ. ಈ ಆಕಾಶಕ್ಕೆ ನೀಲಿ ತುಂಬು.”

“ನಾನಾ? ಅಯ್ಯೋ ತಾತ, ನನಗೇನು ಬರುತ್ತೆ?”

“ಗೋಡೆಗೆ ಸುಣ್ಣ ಹೊಡೆದಿದೀಯೋ ಇಲ್ವೋ? ಅಷ್ಟೇ ಇದು. ಗೆರೆ ದಾಟಬೇಡ, ಸಾಕು.”

ಕುಂಚವನ್ನು ಅವಳು ಸೌಟು ಹಿಡಿದ ಹಾಗೆ ಹಿಡಿದಳು. ನೀಲಿ ಬಟ್ಟೆಗೆ ತಗುಲಿ, ನೂಲಿನೊಳಗೆ ಇಳಿದು, ತಾನಾಗಿ ಸ್ವಲ್ಪ ಹರಡಿ ನಿಂತಿತು. ಅವಳು ಇನ್ನಷ್ಟು ಬಗ್ಗಿ ನೋಡಿದಳು. ಇನ್ನೊಂದು ಎಳೆದಳು. ಊಟ ಕೊಟ್ಟು ಬರುತ್ತೇನೆಂದು ಹೋದವಳು ದನಗಳು ಮನೆಗೆ ತಿರುಗುವ ಹೊತ್ತಿಗೆ ಎದ್ದಳು. ಒಲೆಯ ಮೇಲೆ ಇಟ್ಟುಬಂದಿದ್ದ ನೀರು ಬತ್ತಿ ಪಾತ್ರೆ ಕರಕಲಾಗಿತ್ತು. ಅದನ್ನು ಉಜ್ಜುವಾಗ ಅವಳಿಗೆ ನಾಚಿಕೆಯಾಯಿತು, ಆದರೂ ಮಾರನೆಯ ದಿನ ಇನ್ನೂ ಬೇಗ ಹೊರಟಳು.

ನೇಯ್ದರೆ ಬಟ್ಟೆ ಆಗುತ್ತದೆ. ಒತ್ತಿದರೆ ಶಾವಿಗೆ ಆಗುತ್ತದೆ. ಬರೆದರೆ ಏನಾಗುತ್ತದೆ? ದೇವಸ್ಥಾನದ ಕೆಲಸವಾದ್ದರಿಂದ ಪುಣ್ಯ ಬರುತ್ತದೆ ಎಂದು ನೋಡಿದ ಒಬ್ಬಿಬ್ಬರು ಅಂದರು. ಕೇಸೋನ್ ತಲೆ ತಗ್ಗಿಸಿ ಬಣ್ಣ ಕಲಸಿದಳು. ಯಾಕೆಂದರೆ ಪುಣ್ಯದ ನೆನಪು ಅವಳಿಗೆ ಒಂದು ದಿನವೂ ಬಂದಿರಲಿಲ್ಲ. ಅವಳು ಹೋಗುತ್ತಿದ್ದದ್ದು ಖುಷಿಗೆ. ಎಳೆ ಮಗು ಮಣ್ಣಲ್ಲಿ ಆಡಲು ಹೋದ ಹಾಗೆ. ಈ ವಯಸ್ಸಿನಲ್ಲಿ ಅದನ್ನು ಬಾಯಿಬಿಟ್ಟು ಹೇಳುವುದು ಹೇಗೆ?

ಪೊಮ್ಮಾ ತಾತ ನಿಧಾನವಾಗಿ ಗೆರೆಯನ್ನೂ ಅವಳ ಕೈಗೆ ಬಿಟ್ಟ. ಅವಳ ಮೊದಲ ಆನೆಯನ್ನು ಆ ಕಡೆಯಿಂದ ಒಮ್ಮೆ, ಈ ಕಡೆಯಿಂದ ಒಮ್ಮೆ ನೋಡಿದ.

“ಇದು ಆನೆಯೋ, ಹಂದಿಯೋ?”

“ಆನೆ ತಾತ.”

“ಹಾಗಾದ್ರೆ ಸೊಂಡಿಲು ಇನ್ನೊಂಚೂರು ಎಳಿ. ಪಾಪ, ನೀರು ಕುಡೀಬೇಕಲ್ಲ ಅದು.”

ಅವಳು ಬಣ್ಣ ಬಳಿಯುವ ವಿಷಯ ಬಾಯಿಬಿಟ್ಟು ಹೇಳಿದ್ದು ಒಬ್ಬರಿಗೆ ಮಾತ್ರ, ಭಾವ ಬುನ್‌ಹೋಮ್‌ಗೆ. ಅವನು ಅವಳ ಗಂಡನ ಅಣ್ಣ. ಗಂಡ ಸತ್ತಾಗ ದಾವ್ ಆರು ವರ್ಷದ ಹುಡುಗಿ, ತೋಯ್ ನಾಲ್ಕು ವರ್ಷದವನು. ಗದ್ದೆಯಲ್ಲಿ ಬರುವುದು ಸಾಲದೆ ಕೇಸೋನ್ ಬ್ಯಾಂಕಾಕಿಗೆ ಹೋಗಿ ಅಂಗಿ ಹೊಲಿಯುವ ಕಾರ್ಖಾನೆ ಸೇರಿದಳು. ಮಕ್ಕಳನ್ನು ಸಾಕಿದವರು ಬುನ್‌ಹೋಮ್ ಮತ್ತು ಅವನ ಹೆಂಡತಿ ಲಮೈ. ತಮ್ಮ ಮಕ್ಕಳಿಗೆ ಹಾಕಿದ ಅನ್ನವನ್ನೇ ಹಾಕಿದರು, ಓದಿಸಿದರು, ಜ್ವರ ಬಂದಾಗ ಎದೆಗೆ ಹಾಕಿಕೊಂಡು ಆಸ್ಪತ್ರೆಗೆ ಓಡಿದರು. ವರ್ಷಗಳ ಮೇಲೆ ಕೇಸೋನ್ ತಿರುಗಿ ಬಂದಾಗ ತೋಯ್ ಅವಳನ್ನು ನೋಡಿ ಬುನ್‌ಹೋಮ್‌ನ ಬೆನ್ನ ಹಿಂದೆ ಅಡಗಿದ್ದ. ಈಗಲೂ ಇಬ್ಬರು ಮಕ್ಕಳೂ ಅವನನ್ನು ಅಪ್ಪ ಎಂದೇ ಕರೆಯುತ್ತಾರೆ. ಊರಲ್ಲಿ ಯಾರಾದರೂ “ನಿನಗೆ ದೇವರಂಥ ಭಾವ” ಎಂದರೆ ಕೇಸೋನ್ ಕೈಜೋಡಿಸಿ ಹೌದೆನ್ನುತ್ತಿದ್ದಳು. ಮನಸ್ಸಿನಿಂದಲೇ ಅನ್ನುತ್ತಿದ್ದಳು.

ಬುನ್‌ಹೋಮ್ ಕೆರೆಯ ಮೀನು ತಂದುಕೊಟ್ಟ ಒಂದು ಸಂಜೆ ಅವಳ ಕೈ ನೋಡಿದ.

“ಶಂಖಪುಷ್ಪ ಅಂತ ಊರಿಗೆಲ್ಲ ಹೇಳಿದೀಯಂತೆ. ನನಗೆ ನಿಜ ಹೇಳು.”

ಅವಳು ಹೇಳಿದಳು. ಹೇಳುತ್ತ ಹೇಳುತ್ತ ಮುಖ ಕೆಂಪಾಯಿತು. ಬುನ್‌ಹೋಮ್ ತೊಡೆ ತಟ್ಟಿ ನಕ್ಕ.

“ಅಷ್ಟಕ್ಕೆ ಇಷ್ಟು ಬಚ್ಚಿಡೋದಾ? ನಮ್ಮ ಮನೆ ಹೆಣ್ಣುಮಗಳು ಬರೆದಿದ್ದು ಅಂತ ನಾನೇ ಮೆರವಣಿಗೇಲಿ ಹಿಡೀತೀನಿ ನೋಡು. ಯಾವ ಭಾಗ ಚೆನ್ನಾಗಿ ಬಂದಿದೆ, ಅದನ್ನ ಹೇಳು.”

“ಜೂಜಕ, ಭಾವ,” ಎಂದಳು ಕೇಸೋನ್. “ಜೂಜಕನ ಹಾಗೆ ಬೇರೆ ಯಾವುದೂ ಬಂದಿಲ್ಲ.”

ಅದು ನಿಜವೇ ಆಗಿತ್ತು. ರಾಜಕುಮಾರನನ್ನು ಹೇಗೆ ಬರೆಯಬೇಕು, ರಾಣಿಯನ್ನು ಹೇಗೆ ಕೂರಿಸಬೇಕು ಎಂಬುದಕ್ಕೆಲ್ಲ ಹಿಂದಿನಿಂದ ಬಂದ ಕ್ರಮವಿತ್ತು. ಅದನ್ನು ತಾತ ಪಕ್ಕದಲ್ಲಿ ಕೂತು ಹೇಳಿಸಿ ಬರೆಸಿದ್ದ. “ಜೂಜಕ ಮಾತ್ರ ನಿನ್ನವನು,” ಎಂದಿದ್ದ. “ಅವನನ್ನ ಹೇಗೆ ಬೇಕಾದ್ರೂ ಬರಿ. ಜನ ನೋಡಿ ನಗಬೇಕು. ನಾವು ಬರೆಯೋರಿಗೆ ಇರೋದೇ ಅದೊಂದು ಜಾಗ.”

ಆ ಮಧ್ಯಾಹ್ನದ ಸುಖವನ್ನು ಕೇಸೋನ್ ಹಿಂದೆಂದೂ ಕಂಡಿರಲಿಲ್ಲ. ಕೈ ತಾನೇ ಓಡಿತು. ಮೊದಲು ಹೊಟ್ಟೆ ಬಂತು, ಮಾಗಿದ ಹಲಸಿನ ಹಾಗೆ ಮುಂದಕ್ಕೆ ಜೋತು. ಅದರ ಕೆಳಗೆ ಚೌಕಳಿ ಪಂಚೆ, ಎಡಗಡೆಗೆ ಗಂಟು. ಮುಂದಿನ ಎರಡು ಹಲ್ಲುಗಳ ನಡುವೆ ಸಂದಿ. ಒಂದು ಕಿವಿ ಅಗಲ, ಒಂದು ಕಿವಿ ಮುದುರಿದ್ದು. ಬರೆಯುತ್ತ ಬರೆಯುತ್ತ ಅವಳು ಒಬ್ಬಳೇ ಗಟ್ಟಿಯಾಗಿ ನಕ್ಕುಬಿಟ್ಟಳು. ಮೆಟ್ಟಿಲ ಬಳಿ ಮಲಗಿದ್ದ ನಾಯಿ ತಲೆಯೆತ್ತಿ ನೋಡಿತು. ಆಮೇಲೆ ಅವನ ಎರಡು ಕಡೆ ಇಬ್ಬರು ಮಕ್ಕಳನ್ನು ಬರೆದಳು.

ಪೊಮ್ಮಾ ತಾತ ಬಂದು ಬಗ್ಗಿ ನೋಡಿದವನು ಕೆಮ್ಮು ಬರುವಷ್ಟು ನಕ್ಕ.

“ಚೆನ್ನಾಗಿ ಹಿಡಿದಿದೀಯ! ಭಲೇ ಚೆನ್ನಾಗಿ ಹಿಡಿದಿದೀಯ.” ಆಮೇಲೆ ಕಣ್ಣು ಕಿರಿದು ಮಾಡಿದ. “ಬಳ್ಳಿ ಎಲ್ಲಿ? ಮಕ್ಕಳ ಕೈಗೆ ಬಳ್ಳಿ ಕಟ್ಟಿ ಎಳ್ಕೊಂಡು ಹೋಗ್ತಾನಲ್ಲ ಅವನು?”

“ಮರೆತೇಹೋಯ್ತು ತಾತ. ಹಾಕ್ಲಾ?”

“ಒಣಗಲಿ. ನಾಳೆ ಹಾಕುವೆಯಂತೆ.”

ಮಾರನೆಯ ದಿನ ಆ ಭಾಗ ಸುರುಳಿಯೊಳಗೆ ಹೋಗಿತ್ತು, ಮುಂದಿನ ಬಟ್ಟೆ ಬಿಚ್ಚಿಕೊಂಡಿತ್ತು. ಬಳ್ಳಿ ಇಬ್ಬರಿಗೂ ಮರೆತುಹೋಯಿತು.

ಮೆರವಣಿಗೆಯ ಮಧ್ಯಾಹ್ನ ಕಾಡಿನಂಚಿನ ಮರದ ಕೆಳಗೆ ಊರೆಲ್ಲ ಸೇರಿತ್ತು. ರಾಜಕುಮಾರನನ್ನು ಕರೆಯುವ ಶಾಸ್ತ್ರ ಮುಗಿದು, ಡೋಲು ಶುರುವಾಗಿ, ಸುರುಳಿ ಬಿಚ್ಚಿಕೊಳ್ಳುತ್ತ ಬಂತು. ಜನ ಅಂಚು ಹಿಡಿಯುತ್ತ ಸಾಲಾಗಿ ನಿಂತರು. ಕೇಸೋನ್ ಹಿಂದೆ, ಹೆಂಗಸರ ಗುಂಪಿನಲ್ಲಿ, ತಾನೇನೂ ಅಲ್ಲವೆಂಬಂತೆ ನಿಂತಿದ್ದಳು. ಬಟ್ಟೆಯನ್ನು ಅವಳು ನೋಡಿದ್ದದ್ದೆಲ್ಲ ನೆಲದ ಮೇಲೆ, ಬಗ್ಗಿ, ಮೂಗಿನ ಹತ್ತಿರ. ಎತ್ತಿ ಹಿಡಿದು ನಿಲ್ಲಿಸಿದ್ದನ್ನು ಕಂಡಿರಲಿಲ್ಲ.

“ಜೂಜಕ ಎಲ್ಲಿ? ಜೂಜಕ ನನಗೆ!” ಎಂದು ಕೂಗುತ್ತ ಬುನ್‌ಹೋಮ್ ಜನರನ್ನು ಸರಿಸಿಕೊಂಡು ಬಂದ. ಹೊಸ ಅಂಗಿ, ಕೆಳಗೆ ಯಾವಾಗಲೂ ಉಡುವ ಚೌಕಳಿ ಪಂಚೆ. ಆ ಭಾಗದ ಅಂಚನ್ನು ಎರಡು ಕೈಯಿಂದ ಎದೆಮಟ್ಟಕ್ಕೆ ಎತ್ತಿ, ಜನರ ಕಡೆ ತಿರುಗಿ, ಹಲ್ಲು ಕಾಣುವಂತೆ ನಕ್ಕ.

ಜನರ ಕಣ್ಣು ಚಿತ್ರದಿಂದ ಅವನ ಮುಖಕ್ಕೆ, ಮುಖದಿಂದ ಚಿತ್ರಕ್ಕೆ ಓಡಿತು. ಆಮೇಲೆ ಡೋಲಿನವನು ಡೋಲು ನಿಲ್ಲಿಸಿದ.

“ಲೋ ಬುನ್‌ಹೋಮ್! ಯಾವಾಗ ಕೂತಿದ್ಯೋ ಫೋಟೋಗೆ?”

“ಯಪ್ಪಾ, ಆ ಕಿವಿ ನೋಡ್ರೋ, ಕಿವಿ!”

“ಪಂಚೆ ಗಂಟೂ ಎಡಗಡೇನೇ ಹಾಕ್ಕೊಂಡವ್ನೆ! ಅಣ್ಣಾ, ಇವತ್ತು ಶಾವಿಗೆ ಜಾಸ್ತಿ ತಿನ್ನಬೇಡ. ಕಥೇಲಿ ಜೂಜಕ ಹೊಟ್ಟೆ ಒಡೆದೇ ಸಾಯೋದು!”

ನಗು ಸಾಲಿನ ಉದ್ದಕ್ಕೂ ಹರಡಿತು. ಹಿಂದಿನವರು ಕಾಣದೆ ಏನು ಏನು ಎಂದು ಕೇಳಿ, ಮುಂದೆ ಬಂದು ನೋಡಿ, ಅವರೂ ನಕ್ಕರು. ಯಾರೋ ಬುನ್‌ಹೋಮ್‌ನ ಹೊಟ್ಟೆ ತಟ್ಟಿದರು. ಅವನೂ ನಗುತ್ತಲೇ ಇದ್ದ. ಏನೋ ತಮಾಷೆ ನಡೆದಿದೆ, ತನಗೇ ಗೊತ್ತಿಲ್ಲ ಎಂಬ ನಗು. ಆಮೇಲೆ ಕುತ್ತಿಗೆ ಬಗ್ಗಿಸಿ, ತಾನು ಹಿಡಿದಿದ್ದ ಬಟ್ಟೆಯನ್ನು ಮೇಲಿನಿಂದ ನೋಡಿದ.

ಕೇಸೋನ್ ಆಗಲೇ ಕಂಡಿದ್ದಳು. ಮನುಷ್ಯ ಮತ್ತು ಚಿತ್ರ ಒಂದರ ಪಕ್ಕ ಒಂದು ನಿಂತಾಗ ಅವಳು ಮುಂದೆ ನಿಂತಿದ್ದವಳ ಭುಜ ಹಿಡಿದುಕೊಂಡಳು. ತಾನು ಯಾರ ಮುಖವನ್ನೂ ನೆನೆಸಿಕೊಂಡು ಬರೆದಿರಲಿಲ್ಲ. ಕೈಗೆ ಬಂದ ಹಾಗೆ ಬರೆದಿದ್ದಳು. ಆದರೆ ಅವಳ ಕಣ್ಣು ಈಗ ನಿಂತದ್ದು ಮುಖದ ಮೇಲಲ್ಲ. ಊರವರೆಲ್ಲ ಹೊಟ್ಟೆ ನೋಡಿ ನಗುತ್ತಿದ್ದಾಗ ಅವಳು ಕೈಗಳನ್ನು ನೋಡಿದಳು.

ಚಿತ್ರದಲ್ಲಿ ಬಳ್ಳಿ ಇರಲಿಲ್ಲ. ಜೂಜಕ ಹುಡುಗಿಯ ಮಣಿಕಟ್ಟನ್ನು ಬಲಗೈಯಲ್ಲಿ, ಹುಡುಗನ ಮಣಿಕಟ್ಟನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದಿದ್ದ. ಹುಡುಗಿ ಮುಂದಕ್ಕೆ ವಾಲಿದ್ದಳು, ಬಾಯಿ ತೆರೆದಿತ್ತು. ಅದು ಯಾವ ಕಾಡಿನ ಚಿತ್ರವೂ ಅಲ್ಲ. ನೋಂಗ್ ಸನೋ ಕೈಮರದ ಹತ್ತಿರ, ಬ್ಯಾಂಕಾಕಿನ ಬಸ್ಸು ಹೊರಟ ದಿನ, ಹಿಂದಿನ ಕಿಟಕಿಯಿಂದ ಕೇಸೋನ್ ಕಂಡದ್ದು. ದಾವ್ ಮತ್ತು ತೋಯ್ ಬಸ್ಸಿನ ಹಿಂದೆ ಓಡಿಬಂದಿದ್ದರು. ಬುನ್‌ಹೋಮ್ ಹಿಂದಿನಿಂದ ಬಂದು ಒಂದೊಂದು ಕೈಯಲ್ಲಿ ಒಬ್ಬೊಬ್ಬರನ್ನು ಹಿಡಿದು ನಿಲ್ಲಿಸಿದ್ದ. ಧೂಳು ಮುಚ್ಚುವವರೆಗೆ ಅವಳು ನೋಡಿದ್ದಳು. ಅದನ್ನು ಯಾರಿಗೂ ಹೇಳಿರಲಿಲ್ಲ, ತಾನೂ ಮರೆತಿದ್ದೇನೆಂದು ತಿಳಿದಿದ್ದಳು.

ಬುನ್‌ಹೋಮ್ ತಲೆಯೆತ್ತಿದಾಗ ನಗು ಹೋಗಿತ್ತು. ಅವನು ಗುಂಪಿನಲ್ಲಿ ಅವಳನ್ನು ಹುಡುಕಲಿಲ್ಲ. ಬಟ್ಟೆಯನ್ನು ಕೈಬಿಡಲೂ ಇಲ್ಲ. ದಾರಿಯುದ್ದಕ್ಕೂ, ದೇವಸ್ಥಾನದ ಮೂರು ಸುತ್ತಿಗೂ, ಅದೇ ಎತ್ತರಕ್ಕೆ ಹಿಡಿದು ನಡೆದ. ಒಳಗೆ ಕಟ್ಟಿಸಿ, ನಮಸ್ಕಾರ ಮಾಡಿ, ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಎದ್ದು ಮನೆಗೆ ಹೋದ.

ಸಂಜೆ ದೇವಸ್ಥಾನದ ಹಿಂದೆ ಹೆಂಗಸರೆಲ್ಲ ಸೇರಿ ನಾಳೆಯ ಜನಕ್ಕೆ ಶಾವಿಗೆ ಒತ್ತುತ್ತಿದ್ದರು. ಕೇಸೋನ್ ಕುದಿಯುವ ಹಂಡೆಯ ಪಕ್ಕ ನಿಂತಿದ್ದಳು. ಎದುರಿಗೆ ತಣ್ಣೀರಿನ ಪಾತ್ರೆಯ ಹತ್ತಿರ ಲಮೈ ಬಂದು ಕೂತು ಮೊರದಲ್ಲಿ ಅಕ್ಕಿ ಆರಿಸತೊಡಗಿದಳು. ಪಕ್ಕದಲ್ಲಿದ್ದವರು ಒಬ್ಬೊಬ್ಬರಾಗಿ ಬೇರೆ ಕೆಲಸಕ್ಕೆ ಸರಿದರು.

“ಅಕ್ಕಾ...” ಎಂದಳು ಕೇಸೋನ್.

“ಹಂಡೆ ಉಕ್ಕುತ್ತೆ, ಅಲ್ಲಿ ನೋಡು.” ಲಮೈ ತಲೆಯೆತ್ತಲಿಲ್ಲ. “ನನಗೆ ಚಿತ್ರ ಗಿತ್ರ ಗೊತ್ತಾಗಲ್ಲಮ್ಮ. ಮೀನಿನ ನಡುಭಾಗ ನಿನ್ನ ಮಗಳಿಗೆ ಹಾಕಿ ತಲೆ ನಾನು ತಿಂದಿದ್ದೆ, ಅದು ಗೊತ್ತು. ಅದನ್ನೆಲ್ಲಾದ್ರೂ ಬರೆದಿದೀಯಾ ಅಂತ ಹುಡುಕಿದೆ. ಕಾಣಲಿಲ್ಲ.”

“ಬೇಕು ಅಂತ ಬರೀಲಿಲ್ಲ ಅಕ್ಕಾ. ನನ್ನಾಣೆ.”

“ಬೇಕು ಅಂತ ಬರೆದಿದ್ರೆ ಬೈದು ಸುಮ್ಮನಾಗ್ತಿದ್ದೆ,” ಎಂದಳು ಲಮೈ. ಎದ್ದು ಮೊರ ಕೊಡವಿ ಹೋದಳು.

ಕೇಸೋನ್ ಪೊಮ್ಮಾ ತಾತನನ್ನು ಹುಡುಕಿಕೊಂಡು ಹೋದಳು. ಅವನು ದೊಡ್ಡ ಗುರುಗಳ ಎದುರು ಕೂತು ಎಲೆ ಅಡಿಕೆ ಕುಟ್ಟುತ್ತಿದ್ದ.

“ಅದನ್ನ ಅಳಿಸಿಬಿಡ್ತೀನಿ ತಾತ. ಮೇಲೆ ಬಣ್ಣ ಬಳೀತೀನಿ.”

“ಅಳಿಸೋದಾ? ನಿನಗೆ ಗೊತ್ತಿದ್ದೇ ಬರೆದೆ ಅಂದ್ಕೊಂಡಿದ್ದೆ ನಾನು! ‘ಚೆನ್ನಾಗಿ ಹಿಡಿದಿದೀಯ’ ಅಂದ್ನಲ್ಲ?”

“ಗೆರೆ ಚೆನ್ನಾಗಿದೆ ಅಂದ್ರಿ ಅಂದ್ಕೊಂಡೆ.”

ಅವನು ಕುಟ್ಟುವುದನ್ನು ನಿಲ್ಲಿಸಿ ಅವಳ ಮುಖ ನೋಡಿದ. ದೊಡ್ಡ ಗುರುಗಳು ಮೆಲ್ಲಗೆ ಹೇಳಿದರು: “ಬಟ್ಟೆ ಬುದ್ಧನಿಗೆ ಒಪ್ಪಿಸಿ ಆಯ್ತಲ್ಲಮ್ಮ. ಕೊಟ್ಟಿದ್ದನ್ನ ತಿರುಗಿ ತಗೊಳ್ಳೋ ಹಾಗಿಲ್ಲ. ಅರ್ಧ ಉಳಿದಿದ್ರೆ ಮುಗಿಸಬಹುದು. ಮುಗಿದಿದ್ದನ್ನ ಅಳಿಸೋ ಹಾಗಿಲ್ಲ.”

ಹಾಗಾದರೆ ಅದು ಇರುತ್ತದೆ. ವರ್ಷ ವರ್ಷವೂ ಬಿಚ್ಚುತ್ತಾರೆ, ವರ್ಷ ವರ್ಷವೂ ನಗುತ್ತಾರೆ. ತಾನು ಸತ್ತ ಮೇಲೂ, ಬುನ್‌ಹೋಮ್ ಸತ್ತ ಮೇಲೂ, ಅವನ ಮೊಮ್ಮಕ್ಕಳು ನೋಡುತ್ತಾರೆ. ಅವಳಿಗೆ ಎಲ್ಲಕ್ಕಿಂತ ಹೆಚ್ಚಾಗಿ ನೆನಪಾಗುತ್ತಿದ್ದದ್ದು ತನ್ನದೇ ನಗು. ಒಬ್ಬಳೇ ಕೂತು, ಆ ಹೊಟ್ಟೆಯನ್ನು ಉರುಟು ಮಾಡುತ್ತ, ನಾಯಿ ಬೆಚ್ಚುವಷ್ಟು ಗಟ್ಟಿಯಾಗಿ ನಕ್ಕಿದ್ದು.

ಬೆಳಗ್ಗೆ ಕಥೆ ಓದುವುದು ಶುರುವಾಗಿತ್ತು. ಧ್ವನಿವರ್ಧಕದಲ್ಲಿ ಭಿಕ್ಷುವಿನ ರಾಗ ಊರಿಗೆಲ್ಲ ಕೇಳುತ್ತಿತ್ತು. ಕೇಸೋನ್ ಒಂದು ಎಲೆಯ ಮೇಲೆ ಶಾವಿಗೆ, ಒಂದು ಪಾತ್ರೆಯಲ್ಲಿ ಮೀನಿನ ಸಾರು ಹಿಡಿದು ಭಾವನ ಮನೆಗೆ ಹೋದಳು. ಲಮೈ ದೇವಸ್ಥಾನಕ್ಕೆ ಹೋಗಿದ್ದಳು. ಬುನ್‌ಹೋಮ್ ಕಂಬಗಳ ಮೇಲೆ ನಿಂತ ಮನೆಯ ಅಡಿಯ ನೆರಳಿನಲ್ಲಿ ಕೂತು ಬೀಸುಬಲೆಯ ಹರಿದ ಕಣ್ಣು ಹೊಲಿಯುತ್ತಿದ್ದ. ಅವಳು ಎಲೆಯನ್ನು ಅವನ ಮುಂದಿಟ್ಟು ಕೆಳಗೆ, ಮಣ್ಣಿನ ಮೇಲೆ ಕೂತಳು.

“ಓದೋದಕ್ಕೆ ಬರಲ್ವಾ ಭಾವ?”

“ಬಲೆ ಹರಿದಿದೆ.”

ಸೂಜಿ ಎರಡು ಕಣ್ಣು ದಾಟಿತು. ಅವನು ನೂಲು ಹಲ್ಲಲ್ಲಿ ಕಚ್ಚಿ ಕಡಿದ.

“ಆ ದಿನ ನಾನು ಗಟ್ಟಿಯಾಗಿ ಹಿಡಿದಿದ್ನಾ?”

ಯಾವ ದಿನವೆಂದು ಅವಳು ಕೇಳಲಿಲ್ಲ. “ಬಸ್ಸು ಮುಂದಕ್ಕೆ ಹೋಯ್ತು ಭಾವ. ನನಗೆ ಅಷ್ಟೇ ಕಂಡಿದ್ದು.”

“ಗಟ್ಟಿಯಾಗೇ ಹಿಡಿದಿದ್ದೆ. ಬಿಟ್ಟಿದ್ರೆ ಹಿಂದಿನ ಲಾರಿ ಕೆಳಗೆ ಹೋಗ್ತಿದ್ರು. ದಾವ್ ಕೈ ಸಂಜೆವರೆಗೂ ಕೆಂಪಗಿತ್ತು. ನಿಮ್ಮಕ್ಕ ಲಮೈ ಎಣ್ಣೆ ಹಚ್ಚಿದ್ಲು. ನಿನಗೆ ಹೇಳಬೇಡ ಅಂತ ನಾನೇ ಅಂದಿದ್ದೆ.” ಅವನು ಬಲೆಯನ್ನು ತೊಡೆಯ ಮೇಲೆ ಇಳಿಸಿದ. “ಇಷ್ಟು ವರ್ಷ ಹಾಗೇ ಕಾಣ್ತಿದ್ನಾ ನಾನು ನಿನಗೆ?”

ಇಲ್ಲ ಎನ್ನಲು ಅವಳು ಬಾಯಿ ತೆರೆದಳು. ಶಂಖಪುಷ್ಪದ ಸುಳ್ಳಿನಷ್ಟೇ ಸಲೀಸಾಗಿ ಬರುತ್ತಿತ್ತು ಅದು. ಅವಳು ಬಾಯಿ ಮುಚ್ಚಿಕೊಂಡಳು.

“ನನಗೆ ಗೊತ್ತಿಲ್ಲ ಭಾವ,” ಎಂದಳು ಕೊನೆಗೆ. “ಸಿಟ್ಟಿರಲಿಲ್ಲ ಅಂದ್ರೂ ಸುಳ್ಳಾಗಬಹುದು, ಇತ್ತು ಅಂದ್ರೂ ಸುಳ್ಳಾಗಬಹುದು. ತೋಯ್ ನಿಮ್ಮ ಬೆನ್ನ ಹಿಂದೆ ಬಚ್ಚಿಟ್ಟುಕೊಂಡ ದಿನ ಬಚ್ಚಲಿಗೆ ಹೋಗಿ ಅತ್ತಿದ್ದೆ. ಅದು ನಿಜ. ನಿಮ್ಮನ್ನ ದೇವರು ಅಂದ್ಕೊಂಡಿದ್ದೂ ನಿಜ. ಆದ್ರೆ ಬರೆಯುವಾಗ ಅದ್ಯಾವುದೂ ಇರಲಿಲ್ಲ. ಖುಷಿ ಇತ್ತು. ನಿಮ್ಮ ಹೊಟ್ಟೆ ಬರೀತಾ ನಾನು ನಕ್ಕೆ. ಅದಕ್ಕೇ ನಿಮ್ಮ ಮುಖ ನೋಡೋಕೆ ಆಗ್ತಿಲ್ಲ.”

ಧ್ವನಿವರ್ಧಕದಲ್ಲಿ ರಾಜಕುಮಾರ ಕಾಡಿನ ದಾರಿ ಹಿಡಿದಿದ್ದ. ಬುನ್‌ಹೋಮ್ ಸೂಜಿಗೆ ಮತ್ತೆ ನೂಲು ಪೋಣಿಸಿದ.

“ಬೇಕಾದ್ರೆ,” ಎಂದಳು ಅವಳು, “ಮುಂದಿನ ವರ್ಷ ಬೇರೆ ಬಟ್ಟೆ ಬರೀತೀನಿ. ಮಕ್ಕಳನ್ನ ಬಿಡಿಸ್ಕೊಳ್ಳೋ ಅಜ್ಜ ಇದಾನಲ್ಲ, ರಾಜ. ಅವನನ್ನ ನಿಮ್ಮ ಹಾಗೆ...”

“ಈ ಹೊಟ್ಟೆಗೆ ಕಿರೀಟ ಬೇರೆ ಇಡ್ತೀಯಾ? ಆಮೇಲೆ ಊರವರು ಸತ್ತೇ ಹೋಗ್ತಾರೆ ನಕ್ಕು ನಕ್ಕು.” ಅವನ ಮುಖ ನಗಲಿಲ್ಲ, ಆದರೆ ದನಿ ಸ್ವಲ್ಪ ಸಡಿಲವಾಯಿತು. “ಹೊಟ್ಟೆ ಇರಲಿ. ಕಿವೀನೂ ಇರಲಿ, ನಮ್ಮಪ್ಪ ಕೊಟ್ಟಿದ್ದು. ಅದಕ್ಕೆ ಯಾರು ಬೇಕಾದ್ರೂ ನಗಲಿ. ಕೈ ನೋಡಿದ್ದು ನಾನು, ನೀನು, ನಿಮ್ಮಕ್ಕ. ಬಳ್ಳಿ ಯಾಕೆ ಹಾಕಲಿಲ್ಲ?”

“ಮರೆತೆ.”

“ಹಾಕು. ಬಳ್ಳಿ ಇದ್ರೆ ಅವನು ಜೂಜಕ. ಬಳ್ಳಿ ಇಲ್ದಿದ್ರೆ ನಾನು.”

ಅವನು ಎದ್ದು ಪಂಚೆಯ ಗಂಟು ಬಿಗಿಮಾಡಿಕೊಂಡ. ಶಾವಿಗೆಯನ್ನು ಮುಟ್ಟಲಿಲ್ಲ, ಎಲೆಯನ್ನು ಮಡಚಿ ನೊಣ ಕೂರದ ಹಾಗೆ ಮೇಲೆ ಇಟ್ಟ.

ಒಂದು ಅಧ್ಯಾಯ ಮುಗಿದು ಮಕ್ಕಳನ್ನು ಕೊಡುವ ಅಧ್ಯಾಯ ಶುರುವಾಗಬೇಕಿತ್ತು. ಓದುವ ಭಿಕ್ಷು ಪೀಠದಿಂದ ಇಳಿದು ಇನ್ನೊಬ್ಬರು ಏರುವ ನಡುವಿನ ಹೊತ್ತು. ಒಳಗೆ ಊರೆಲ್ಲ ಕೂತಿತ್ತು. ಕೇಸೋನ್ ದೊಡ್ಡ ಗುರುಗಳ ಮುಂದೆ ಮೂರು ಸಲ ತಲೆ ನೆಲಕ್ಕೆ ಹಚ್ಚಿ, ಒಂದು ಬಳ್ಳಿ ಬಿಟ್ಟುಹೋಗಿದೆ ಎಂದು ಹೇಳಿದಳು. ಗುರುಗಳು ಬಟ್ಟೆಯ ಕಡೆ ನೋಡಿದರು, ಅವಳ ಹಿಂದೆ ನಿಂತಿದ್ದ ಬುನ್‌ಹೋಮ್‌ನನ್ನೂ ನೋಡಿದರು.

“ಬಿಟ್ಟುಹೋಗಿದ್ರೆ ಮುಗಿಸಬೇಕು,” ಎಂದರು. “ಬೇಗ ಮುಗಿಸು, ಅವನು ಮಕ್ಕಳನ್ನ ಕೇಳೋಕೆ ಬರೋ ಹೊತ್ತಾಯ್ತು.”

ಇಷ್ಟು ದಿನ ಕೈ ಮುಚ್ಚಿಟ್ಟುಕೊಂಡು ತಿರುಗಿದವಳು ಈಗ ಎಲ್ಲರ ಕಣ್ಣೆದುರಿಗೆ ಮಣೆಯ ಮೇಲೆ ನಿಂತು ಕುಂಚ ಎತ್ತಬೇಕಾಯಿತು. ಪೊಮ್ಮಾ ತಾತ ಹಸಿರು ಕಲಸಿ ಕೊಟ್ಟ. ಬಟ್ಟೆ ಗಾಳಿಗೆ ಅಲುಗುತ್ತಿತ್ತು. ಬುನ್‌ಹೋಮ್ ಅದರ ಕೆಳ ಅಂಚನ್ನು ಹಿಡಿದು ಬಿಗಿಯಾಗಿ ಎಳೆದು ನಿಂತ. ಜೂಜಕನ ಮುಖ ಅವನ ಮುಖದ ಪಕ್ಕದಲ್ಲೇ ಇತ್ತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

“ನೋಯ್ ಅಕ್ಕಾ, ಶಂಖಪುಷ್ಪ ಎಲ್ಲಿ ಬೆಳೆಯುತ್ತೆ ಅಂತ ಈಗ ಗೊತ್ತಾಯ್ತಾ?” ಎಂದು ಇನ್ಯಾರೋ ಪಿಸುಗುಟ್ಟಿದರು. ಕೇಸೋನಳ ಕಿವಿ ಸುಟ್ಟುಹೋಯಿತು.

ಅವಳು ಕುಂಚವನ್ನು ಹಸಿರಿನಲ್ಲಿ ಅದ್ದಿದಳು. ಮೊದಲ ಗೆರೆ ಹುಡುಗಿಯ ಮಣಿಕಟ್ಟಿನ ಮೇಲೆ ಬಿತ್ತು, ಬೆರಳುಗಳನ್ನು ಮುಚ್ಚಿ ಸುತ್ತಿತು. ಇನ್ನೊಂದು ಹುಡುಗನ ಕೈಗೆ. ಎರಡನ್ನೂ ಸೇರಿಸಿ ಜೂಜಕನ ಮುಷ್ಟಿಯವರೆಗೆ ಎಳೆದಳು. ಹಸಿರು ತೆಳ್ಳಗಿತ್ತು. ಅದರ ಅಡಿಯಲ್ಲಿ ಹೆಬ್ಬೆರಳೊಂದು ಮಸುಕಾಗಿ ಇನ್ನೂ ಕಾಣುತ್ತಿತ್ತು. ಮತ್ತೊಮ್ಮೆ ತೀಡಿದಳು. ಈಗ ಕಾಣಲಿಲ್ಲ, ಅಥವಾ ಅಲ್ಲಿದೆಯೆಂದು ಗೊತ್ತಿದ್ದವರಿಗೆ ಮಾತ್ರ ಕಂಡಿತು. ಮೂಲೆಯ ಕಂಬದ ಹತ್ತಿರ ಕೂತಿದ್ದ ಲಮೈ ಕತ್ತು ಚಾಚಿ ನೋಡಿ ಮತ್ತೆ ಕೈಜೋಡಿಸಿ ಕಣ್ಣು ಮುಚ್ಚಿಕೊಂಡಳು. ಆ ಬೇಸಗೆಯೆಲ್ಲ ಅವಳು ಕೇಸೋನಳ ಹತ್ತಿರ ಬೇಕಾದಷ್ಟಕ್ಕಿಂತ ಒಂದು ಮಾತೂ ಹೆಚ್ಚಾಡಲಿಲ್ಲ.

ಕೆಲಸ ಅಷ್ಟಕ್ಕೆ ಮುಗಿದಿತ್ತು. ಆದರೆ ಕುಂಚದಲ್ಲಿ ಇನ್ನೂ ಸ್ವಲ್ಪ ಹಸಿರಿತ್ತು. ಬಳ್ಳಿ ಮುಷ್ಟಿಯಿಂದ ಹೊರಬಂದು ಜೋತ ಜಾಗದಲ್ಲಿ ಕೇಸೋನಳ ಕೈ ಒಂದು ಚಿಕ್ಕ ಎಲೆ ಇಟ್ಟಿತು. ಅದರ ಪಕ್ಕ ಇನ್ನೊಂದು. ಎರಡನೆಯದರ ತುದಿ ಸ್ವಲ್ಪ ಬಾಗಿ ನಿಜವಾದ ಎಲೆಯ ಹಾಗೆಯೇ ಬಂತು, ಅವಳ ತುಟಿಯ ಅಂಚು ತಾನಾಗಿ ಅರಳಿತು.

ತಕ್ಷಣ ಎಚ್ಚರಾಯಿತು. ಈಗ, ಇಲ್ಲಿ, ಇವನ ಎದುರಿಗೇ, ಮತ್ತೆ ಖುಷಿ! ಕುಂಚ ಹಿಂದಕ್ಕೆ ತೆಗೆದಳು. ಹೇಗೋ ಧೈರ್ಯ ಮಾಡಿ ಭಾವನ ಕಡೆ ನೋಡಿದಳು.

ಬುನ್‌ಹೋಮ್ ಕೈಗಳನ್ನು ನೋಡುತ್ತಿರಲಿಲ್ಲ. ಬಟ್ಟೆಯನ್ನು ಹಿಡಿದೇ, ಕತ್ತು ಓರೆ ಮಾಡಿ, ಆ ಎರಡು ಎಲೆಗಳನ್ನು ನೋಡುತ್ತಿದ್ದ.

“ನರ ಇಲ್ವಲ್ಲ ಎಲೆಗೆ,” ಎಂದ.

ಓದುವ ಭಿಕ್ಷು ಪೀಠ ಏರಿ ಗಂಟಲು ಸರಿಮಾಡಿಕೊಂಡರು. ಕೇಸೋನ್ ಮತ್ತೆ ತಲೆ ತಗ್ಗಿಸಿದಳು. ತಗ್ಗಿಸಿದ ತಲೆಯಲ್ಲೇ, ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡಿ, ಎಲೆಗೊಂದು ನರ ಎಳೆದಳು.